ಮಾರ್ಟಳ್ಳಿಯ ಹುಡುಗಿಯ ಅರ್ಜಿ

ನಮ್ಮ ಕಾರ್ಯಕ್ರಮದ ವಾಟ್ಸ್ಆ್ಯಪ್ ನಂಬರಿಗೆ ದಿನಾ ರಾಶಿ ಸಂದೇಶ ಬರುತ್ತವೆ. ಅರ್ಧ ಬೈಗುಳ, ಕಾಲು ಭಾಗ ಗುಡ್ ಮಾರ್ನಿಂಗು. ಉಳಿದ ಕಾಲು ಭಾಗಕ್ಕಾಗಿ ನಾನು ಅದನ್ನು ತೆರೆದು ನೋಡುತ್ತೇನೆ. ಅದರಲ್ಲಿ ಒಂದು ದಿನ ಮಾರ್ಟಳ್ಳಿಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ಮಾರ್ಟಳ್ಳಿ ಎಲ್ಲಿದೆ ಅನ್ನುವವರಿಗೆ ಹೇಳಿಬಿಡ್ತೀನಿ: ಚಾಮರಾಜನಗರ ಜಿಲ್ಲೆ, ಕೊಳ್ಳೇಗಾಲದಿಂದ ಹನೂರು ದಾಟಿ ಇನ್ನೂ ಒಳಗೆ. ಒಂದು ಕಡೆ ಮಲೆ ಮಹದೇಶ್ವರನ ಕಾಡು, ಇನ್ನೊಂದು ಕಡೆ ತಮಿಳುನಾಡಿನ ಗಡಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಅನ್ನುವ ಕುಟುಂಬಗಳು ಅಲ್ಲಿ ಬಹಳ.

ಮಾತಾಡಿದವರು ಒಬ್ಬ ತಂದೆ.

"ಸಾರ್, ನಮ್ ಮಗಳು ಪಿಯುಸಿ ಸೈನ್ಸು ಪಾಸಾಗವ್ಳೆ. ನೀಟಲ್ಲಿ ಸೀಟು ಸಿಗ್ಲಿಲ್ಲ. ಫಿಸಿಶಿಯನ್ ಅಸಿಸ್ಟೆಂಟ್ ಅಂತ ಒಂದು ಕೋರ್ಸ್ ಐತಂತೆ. ಮುಗಿಸಿದ್ರೆ ಡಾಕ್ಟರ್ ಥರಾನೇ ಅಂತೆ. ಊರಲ್ಲೇ ಕ್ಲಿನಿಕ್ ಇಟ್ಕೋಬೋದಂತೆ. ಅಮೆರಿಕಾಕ್ಕೂ ಹೋಗ್ಬೋದಂತೆ. ನಾಳಿದ್ದು ಅಡ್ವಾನ್ಸ್ ಕಟ್ಬೇಕು. ಕಟ್ಲಾ ಬೇಡ್ವಾ ಸಾರ್?"

ನಾಲ್ಕು 'ಅಂತೆ'. ಮೊದಲನೆಯದು ನಿಜ. ಉಳಿದ ಮೂರು ಏಜೆಂಟರ ಬಾಯಲ್ಲಿ ಹುಟ್ಟಿದ್ದು. ಆ ಅಡ್ವಾನ್ಸಿಗೆ ಏನನ್ನು ಅಡ ಇಡ್ತಾ ಇದ್ದಾರೋ ನಾನು ಕೇಳಲಿಲ್ಲ. ಕೇಳುವ ಧೈರ್ಯ ಆಗಲಿಲ್ಲ.

ಮೊದಲು ನಿಜವಾದ 'ಅಂತೆ'ಯನ್ನು ನೋಡೋಣ. ಫಿಸಿಶಿಯನ್ ಅಸಿಸ್ಟೆಂಟ್ ಅಂದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ವೈದ್ಯಕೀಯದ ಒಂದಷ್ಟು ಕೆಲಸ ಮಾಡಲು ತರಬೇತಿ ಪಡೆದವರು. ರೋಗಿ ಬಂದಾಗ ಏನು ತೊಂದರೆ, ಎಷ್ಟು ದಿನದಿಂದ, ಹಿಂದೆ ಏನಾಗಿತ್ತು ಅಂತ ಕೇಳಿ ಬರೆದುಕೊಳ್ಳುವುದು, ದೇಹ ಪರೀಕ್ಷೆ ಮಾಡುವುದು, ರಕ್ತ, ಸ್ಕ್ಯಾನ್ ವರದಿಗಳ ಬೆನ್ನು ಹತ್ತುವುದು, ರೌಂಡ್ಸಿನಲ್ಲಿ ಡಾಕ್ಟರ ಜೊತೆ ಇರುವುದು, ಡಿಸ್ಚಾರ್ಜ್ ಸಮ್ಮರಿ ತಯಾರಿಸುವುದು, ಆಪರೇಷನ್ ಥಿಯೇಟರಿನಲ್ಲಿ ಸರ್ಜನ್‌ಗೆ ಸಹಾಯಕರಾಗಿ ನಿಲ್ಲುವುದು. ಹೃದಯದ ಬೈಪಾಸ್ ಆಗುವಾಗ ಕಾಲಿನಿಂದ ರಕ್ತನಾಳ ಬಿಡಿಸಿ ಕೊಡುವ ಕೆಲಸವನ್ನು ಎಷ್ಟೋ ಆಸ್ಪತ್ರೆಗಳಲ್ಲಿ ಇವರೇ ಮಾಡುತ್ತಾರೆ. ಸಣ್ಣ ಕೆಲಸ ಅಲ್ಲ ಅದು. ನರ್ಸಿಂಗ್ ಬೇರೆ, ಇದು ಬೇರೆ. ನಮ್ಮಲ್ಲಿ ಸಾಮಾನ್ಯವಾಗಿ ಪಿಯುಸಿ ವಿಜ್ಞಾನದ ನಂತರದ ಬಿ.ಎಸ್ಸಿ. ಪದವಿ: ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್.

ಇದು ಹುಟ್ಟಿದ ಕಥೆ ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಡಾ. ಯೂಜೀನ್ ಸ್ಟೆಡ್ ಇದನ್ನು ಶುರು ಮಾಡಿದರು. ಮೊದಲ ತಂಡದಲ್ಲಿ ಇದ್ದವರು ನಾಲ್ಕೇ ಜನ, ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡ ಅನುಭವ ಇದ್ದವರು. 1967ರಲ್ಲಿ ಮೂವರು ಪದವಿ ಪಡೆದರು. ಸಾಮಾನ್ಯ ಕಾಯಿಲೆ ನೋಡುವ ಡಾಕ್ಟರುಗಳ ಕೊರತೆ ಅದಕ್ಕೆ ಕಾರಣ. 1969ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ 'ಮೆಡೆಕ್ಸ್' ಅನ್ನುವ ಹೆಸರಿನಲ್ಲಿ ಇಂಥದ್ದೇ ತರಬೇತಿ ಶುರು ಮಾಡಿದ್ದಂತೂ ಹಳ್ಳಿಗಾಡನ್ನು ಕಣ್ಣ ಮುಂದೆ ಇಟ್ಟುಕೊಂಡೇ.

ಭಾರತಕ್ಕೆ ಬಂದಿದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ. ತಂದವರು ಡಾ. ಕೆ.ಎಂ. ಚೆರಿಯನ್. 1975ರಲ್ಲಿ ದೇಶದ ಮೊದಲ ಕೊರೋನರಿ ಬೈಪಾಸ್ ಮಾಡಿದ ಹೃದಯ ಶಸ್ತ್ರಚಿಕಿತ್ಸಕರು. ಅವರಿಗೆ ಬೇಕಾಗಿದ್ದು ಥಿಯೇಟರಿನಲ್ಲಿ, ಐಸಿಯುನಲ್ಲಿ ಪಳಗಿದ ಕೈ. ಗಮನಿಸಿ ನೋಡಿ: ಅಲ್ಲಿ ಈ ಕೆಲಸ ಊರುಗಳ ಕೊರತೆಯಿಂದ ಹುಟ್ಟಿತು. ಇಲ್ಲಿ ದೊಡ್ಡ ಆಸ್ಪತ್ರೆಯ ಅಗತ್ಯದಿಂದ ಹುಟ್ಟಿತು. ಇವತ್ತಿಗೂ ಇದನ್ನು ಓದಿದವರಿಗೆ ಕೆಲಸ ಕಾಣುವುದು ಮುಖ್ಯವಾಗಿ ನಗರದ ಖಾಸಗಿ ಆಸ್ಪತ್ರೆಗಳಲ್ಲೇ. ಏಜೆಂಟ್ ಅಮೆರಿಕದ ಕಥೆ ಹೇಳಿ ಚೆನ್ನೈನ ಕೋರ್ಸ್ ಮಾರುತ್ತಾನೆ.

ಈಗ ಎರಡನೇ ಅಂತೆ: 'ಡಾಕ್ಟರ್ ಥರಾನೇ'. ಅಲ್ಲ. ಹೆಸರಿನ ಹಿಂದೆ ಡಾ. ಅಂತ ಹಾಕಿಕೊಳ್ಳುವಂತಿಲ್ಲ. ಸ್ವಂತವಾಗಿ ಔಷಧ ಚೀಟಿ ಬರೆಯುವಂತಿಲ್ಲ. 2021ರಲ್ಲಿ ಸಂಸತ್ತು ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಯನ್ನು ತಂದಿತು. ಅದರ ಅನುಸೂಚಿಯಲ್ಲಿ ಹತ್ತು ಗುಂಪುಗಳಿವೆ. ಒಂಬತ್ತನೆಯ ಗುಂಪಿನಲ್ಲಿ ಫಿಸಿಶಿಯನ್ ಅಸೋಸಿಯೇಟ್ ಬರುತ್ತಾರೆ. ಅಂದರೆ ಫಿಸಿಯೋಥೆರಪಿಸ್ಟ್, ಲ್ಯಾಬ್ ತಂತ್ರಜ್ಞರಂತೆ ಇವರೂ ಕಾನೂನು ಗುರುತಿಸಿದ ವೃತ್ತಿಪರರು. ಇದು ಒಳ್ಳೆಯ ಸುದ್ದಿಯೇ. ಆದರೆ ಆ ಕಾಯ್ದೆ ಯಾರನ್ನೂ ಎಂಬಿಬಿಎಸ್ ಮಾಡುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಹೆಸರಿನ ಮೇಲೇ ದೊಡ್ಡ ಜಗಳ ನಡೆಯಿತು. ಅಲ್ಲಿ 'ಅಸೋಸಿಯೇಟ್' ಅಂತ ಕರೆಯುತ್ತಿದ್ದರು, ರೋಗಿಗಳು ಇವರನ್ನೇ ಡಾಕ್ಟರ್ ಅಂದುಕೊಳ್ಳುತ್ತಿದ್ದಾರೆ ಅನ್ನುವ ದೂರು ಬಂತು. ಸರ್ಕಾರ ನೇಮಿಸಿದ್ದ ಪ್ರೊಫೆಸರ್ ಜಿಲಿಯನ್ ಲೆಂಗ್ ಅವರು 2025ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ, ಹೆಸರನ್ನು ಮತ್ತೆ 'ಅಸಿಸ್ಟೆಂಟ್' ಅಂತಲೇ ಮಾಡಿ ಎಂದರು. ಒಂದು ಪದ ರೋಗಿಯ ಜೀವಕ್ಕೆ ಸಂಬಂಧಪಟ್ಟಿದ್ದು ಅಂತ ಅಲ್ಲಿ ಯೋಚಿಸ್ತಾರೆ. ಇಲ್ಲಿ ಅದೇ ಪದವನ್ನು ಸೀಟು ತುಂಬಿಸಲು ಬಳಸ್ತಾರೆ.

ಮೂರನೇ ಅಂತೆ ಇದೆಯಲ್ಲ, 'ಊರಲ್ಲೇ ಕ್ಲಿನಿಕ್' ಅನ್ನೋದು, ಅದು ಸುಳ್ಳು ಮಾತ್ರ ಅಲ್ಲ, ಅಪಾಯ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸುವಂತಿಲ್ಲ. ಈ ಪದವಿ ಹಿಡಿದುಕೊಂಡು ಊರಲ್ಲಿ ಬೋರ್ಡ್ ಹಾಕಿ ಕೂತರೆ, ನಾಲ್ಕು ವರ್ಷ ಕಷ್ಟಪಟ್ಟು ಓದಿದ ಹುಡುಗಿ ಒಂದು ಬೆಳಿಗ್ಗೆ ಪೇಪರಿನಲ್ಲಿ 'ನಕಲಿ ವೈದ್ಯೆ' ಆಗಿಬಿಡುತ್ತಾಳೆ. ನಮ್ಮ ಚಾನೆಲ್ಲೂ ಅದನ್ನು ಬ್ರೇಕಿಂಗ್ ಅಂತ ಓಡಿಸುತ್ತೆ, ಸುಳ್ಳು ಯಾಕೆ ಹೇಳಲಿ.

ಅಮೆರಿಕದ ವಿಷಯ ಬೇಗ ಮುಗಿಸೋಣ. ಅಲ್ಲಿ ಇದು ಪದವಿಯ ನಂತರದ ಸ್ನಾತಕೋತ್ತರ ಕೋರ್ಸ್. ಮೊದಲೊಂದು ಡಿಗ್ರಿ ಇರಬೇಕು, ಬಹಳಷ್ಟು ಕಡೆ ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆಗಳ ಲೆಕ್ಕ ಕೊಡಬೇಕು, ಹೆಚ್ಚಿನ ಕಾಲೇಜುಗಳಿಗೆ 'ಕ್ಯಾಸ್ಪಾ' ಅನ್ನುವ ಒಂದೇ ಪೋರ್ಟಲ್ ಮೂಲಕ ಅರ್ಜಿ. ಓದು ಮುಗಿದ ಮೇಲೆ 'ಪ್ಯಾನ್ಸ್' ಅನ್ನುವ ಪರೀಕ್ಷೆ. ಆ ಪರೀಕ್ಷೆಗೆ ಕೂರಲು ಅಮೆರಿಕದಲ್ಲೇ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿರಬೇಕು. ನಮ್ಮ ಬಿ.ಎಸ್ಸಿ. ತೋರಿಸಿ ನೇರ ಅಲ್ಲಿ ಕೆಲಸಕ್ಕೆ ಸೇರುವ ದಾರಿ ಇಲ್ಲ. ಅಲ್ಲಿ ಹೋಗಿ ಮತ್ತೆ ಓದಬೇಕು, ಡಾಲರ್ ಲೆಕ್ಕದಲ್ಲಿ.

ಇಷ್ಟನ್ನು ಹೇಳಿ ಉತ್ತರ ಕಳಿಸಿದೆ. ಅರ್ಧ ಗಂಟೆಗೆ ಇನ್ನೊಂದು ಮೆಸೇಜ್. ಈ ಸಲ ಮಗಳದ್ದು, ಶುದ್ಧ ಪಾಠದ ಕನ್ನಡ.

"ಸರ್, ನನಗೆ ಅಮೆರಿಕ ಬೇಡ. ಡಾಕ್ಟರ್ ಅನ್ನಿಸಿಕೊಳ್ಳುವುದೂ ಬೇಡ. ಸುಳ್ವಾಡಿ ಆದಾಗ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ನಮ್ಮ ಬೀದಿಯಿಂದಲೂ ಜನರನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದರು. ಇಲ್ಲೇ ಏನಾದರೂ ಮಾಡಬಹುದಾ ಅಂತ ನನ್ನ ಪ್ರಶ್ನೆ."

ಸುಳ್ವಾಡಿಯನ್ನು ಮರೆತವರಿಗೆ: 2018ರ ಡಿಸೆಂಬರ್ 14. ಮಾರ್ಟಳ್ಳಿ ಸಮೀಪದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಹಂಚಿದ ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. 17 ಜನ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಆ ಜಾತಿಯ ವಿಷ ಒಳಗೆ ಹೋದರೆ ಬಾಯಲ್ಲಿ ನೊರೆ, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತೆ, ಕೊನೆಗೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ಬೇಕಾಗುವುದು ಅಟ್ರೋಪಿನ್ ಅನ್ನುವ ಚುಚ್ಚುಮದ್ದು, ಆಮೇಲೆ ವೆಂಟಿಲೇಟರ್. ಜನರನ್ನು ಕಾಮಗೆರೆ, ಕೊಳ್ಳೇಗಾಲದ ಆಸ್ಪತ್ರೆಗಳಿಗೆ ಒಯ್ದು, ಅಲ್ಲಿಂದ ಮೈಸೂರಿಗೆ ಸಾಗಿಸಿದರು. ಮಾರ್ಟಳ್ಳಿಯಿಂದ ಮೈಸೂರು ನೂರು ಕಿಲೋಮೀಟರಿಗೂ ಹೆಚ್ಚು. ನಾನು ಆ ರಾತ್ರಿ ಡೆಸ್ಕಿನಲ್ಲಿ ಕೂತು ಸಾವಿನ ಸಂಖ್ಯೆ ಬದಲಾಯಿಸುತ್ತಿದ್ದೆ. ಈ ಹುಡುಗಿ ಆ ಬೀದಿಯಲ್ಲಿದ್ದಳು.

ಹಾಗಾಗಿ ಅವಳ ಪ್ರಶ್ನೆಗೆ ಫೋನ್ ಮಾಡಿಯೇ ಉತ್ತರ ಹೇಳಿದೆ. ಊರೇ ಗುರಿ ಅಂದರೆ ಮೊದಲು ಊರಿನಲ್ಲಿ ಯಾವ ಕುರ್ಚಿ ಇದೆ ನೋಡಬೇಕು. ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿ ಇದ್ದಾರೆ, ಶುಶ್ರೂಷಾಧಿಕಾರಿ ಇದ್ದಾರೆ, ಫಾರ್ಮಸಿ ಅಧಿಕಾರಿ, ಲ್ಯಾಬ್‌ನವರು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂದರೆ ಹಿಂದಿನ ಎಎನ್‌ಎಂ ಇದ್ದಾರೆ. ಫಿಸಿಶಿಯನ್ ಅಸಿಸ್ಟೆಂಟ್ ಅನ್ನುವ ಕುರ್ಚಿ ಅಲ್ಲಿಲ್ಲ. ಆದರೆ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಅನ್ನುವ ಕುರ್ಚಿ ಇದೆ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ 2018ರಿಂದ ಬಂದಿದ್ದು. ಬಿ.ಎಸ್ಸಿ. ನರ್ಸಿಂಗ್ ಓದಿ, ಸಮುದಾಯ ಆರೋಗ್ಯದ ತರಬೇತಿ ಪಡೆದವರು ಅಲ್ಲಿ ಬಿಪಿ, ಶುಗರ್, ಜ್ವರ, ಬಾಣಂತಿ, ಮಗು ಎಲ್ಲ ನೋಡುತ್ತಾರೆ, ಮೀರಿದ್ದನ್ನು ಸಮಯಕ್ಕೆ ಮೇಲಕ್ಕೆ ಕಳಿಸುತ್ತಾರೆ. ಯಾರ ಬಾಯಲ್ಲೂ ಈ ಹೆಸರು ಅಷ್ಟು ಜೋರಾಗಿ ಕೇಳುವುದಿಲ್ಲ, ಯಾಕೆಂದರೆ ಇದರಲ್ಲಿ ಏಜೆಂಟ್‌ಗೆ ಕಮಿಷನ್ ಕಡಿಮೆ.

ಇದು ಹೊಸ ಆಲೋಚನೆಯೂ ಅಲ್ಲ. ನಿಮ್ಮ ಅಜ್ಜಿಯನ್ನು ಕೇಳಿ, 'ಎಲ್‌ಎಂಪಿ ಡಾಕ್ಟರು' ಅಂತ ಒಬ್ಬರ ನೆನಪು ಇದ್ದೀತು. ಕಡಿಮೆ ವರ್ಷ ಓದಿ ಹಳ್ಳಿ, ಸಣ್ಣ ಪೇಟೆಗಳಲ್ಲಿ ಕೆಲಸ ಮಾಡಿದವರು. 1946ರ ಭೋರ್ ಸಮಿತಿ, ದೇಶಕ್ಕೆ ಒಂದೇ ಮಟ್ಟದ ಡಾಕ್ಟರ್ ಸಾಕು ಎಂದಿತು, ಆ ಓದು ನಿಂತುಹೋಯಿತು. 2019ರ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ 'ಸಮುದಾಯ ಆರೋಗ್ಯ ಸೇವಾದಾರ'ರಿಗೆ ಸೀಮಿತ ಪರವಾನಗಿ ಕೊಡಬಹುದು ಎಂದಾಗ ಡಾಕ್ಟರುಗಳು ಬೀದಿಗಿಳಿದು ಮುಷ್ಕರ ಮಾಡಿದರು. ಅವರ ವಾದವನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ಹಳ್ಳಿಯವರಿಗೆ ಅರ್ಧ ಡಾಕ್ಟರ್ ಯಾಕೆ ಅನ್ನೋದು ನ್ಯಾಯವಾದ ಪ್ರಶ್ನೆ. ಆದರೆ ಪೂರ್ತಿ ಡಾಕ್ಟರ್ ಯಾವಾಗ ಬರ್ತಾರೆ ಅನ್ನೋದೂ ನ್ಯಾಯವಾದ ಪ್ರಶ್ನೆಯೇ.

ಹಾಗಂತ ಫಿಸಿಶಿಯನ್ ಅಸಿಸ್ಟೆಂಟ್ ಬೇಡ ಅಂತ ನಾನು ಹೇಳಲಿಲ್ಲ. ಥಿಯೇಟರ್, ಐಸಿಯು ಇಷ್ಟ, ಮೈಸೂರು, ಬೆಂಗಳೂರು, ಕೊಯಮತ್ತೂರಿನಲ್ಲಿ ಇರಲು ಮನಸ್ಸಿದೆ ಅನ್ನುವವರಿಗೆ ಇದು ಗೌರವದ ಕೆಲಸ. ಏನು ಅಂತ ತಿಳಿದು ಅರ್ಜಿ ಹಾಕಬೇಕು ಅಷ್ಟೇ. ಈ ಮಾತು ಹೇಳುವ ಅರ್ಹತೆ ನನಗೆ ಚೆನ್ನಾಗಿಯೇ ಇದೆ. ಸಿಇಟಿ ಕೌನ್ಸೆಲಿಂಗಿನಲ್ಲಿ ನಾನು ಇಂಜಿನಿಯರಿಂಗ್ ಬ್ರಾಂಚ್ ಆರಿಸಿದ್ದು ಹೆಸರು ಕೇಳಲು ಚೆನ್ನಾಗಿದೆ ಅಂತ. ನಾಲ್ಕು ವರ್ಷ ಓದಿ ಈಗ ನಿಮ್ಮ ಮುಂದೆ ಕೂತು ಸುದ್ದಿ ಓದ್ತಾ ಇದ್ದೀನಿ.

ಅರ್ಜಿ ಹಾಕುವವರಿಗೆ ಕೆಲಸದ ಮಾತು. ಕಾಲೇಜಿನ ಬಣ್ಣದ ಕಿರುಹೊತ್ತಿಗೆ ಪಕ್ಕಕ್ಕಿಡಿ. ಪದವಿ ಕೊಡುವುದು ಯಾವ ವಿಶ್ವವಿದ್ಯಾಲಯ, ಅದರ ವೆಬ್‌ಸೈಟಿನ ಆ ವರ್ಷದ ಪಟ್ಟಿಯಲ್ಲಿ ಈ ಕಾಲೇಜು, ಈ ಕೋರ್ಸ್ ಎರಡೂ ಇವೆಯಾ ನೋಡಿ. ಸ್ವಂತ ಆಸ್ಪತ್ರೆ ಇದೆಯಾ, ಎಷ್ಟು ಹಾಸಿಗೆ, ಅದರಲ್ಲಿ ಎಷ್ಟರಲ್ಲಿ ರೋಗಿಗಳಿದ್ದಾರೆ? ಒಂದು ದಿನ ಹೋಗಿ ಹೊರರೋಗಿ ವಿಭಾಗದಲ್ಲಿ ಸುಮ್ಮನೆ ಕೂತು ಎಣಿಸಿ. ರೋಗಿಗಳೇ ಇಲ್ಲದ ಆಸ್ಪತ್ರೆಯಲ್ಲಿ ಈ ವಿದ್ಯೆ ಕಲಿಯಲು ಆಗಲ್ಲ. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ, ಹೋದ ವರ್ಷ ಮುಗಿಸಿದವರು ಎಲ್ಲಿದ್ದಾರೆ ಕೇಳಿ. ಹೊಸ ಕಾಯ್ದೆಯ ಪ್ರಕಾರ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ಆಗಬೇಕಾಗುತ್ತೆ, ನಿಮ್ಮ ಪದವಿಗೆ ಅದು ಸಿಗುತ್ತಾ ಅಂತ ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಬೇಡ.

ಮಾರ್ಟಳ್ಳಿಯಂಥ ಗಡಿ ಊರಿನವರಿಗೆ ಇನ್ನೊಂದು ಎಚ್ಚರ. ತಮಿಳುನಾಡಿನಲ್ಲಿ ಬಿ.ಎಸ್ಸಿ. ಫಿಸಿಶಿಯನ್ ಅಸಿಸ್ಟೆಂಟ್ ಸರ್ಕಾರದ ಪ್ಯಾರಾಮೆಡಿಕಲ್ ಕೌನ್ಸೆಲಿಂಗ್ ಪಟ್ಟಿಯಲ್ಲೇ ಇದೆ, ಭಾಷೆಯೂ ಬರುತ್ತೆ, ಹತ್ತಿರವೂ ಹೌದು. ಆದರೆ ಸರ್ಕಾರಿ ಕೋಟಾದ ಸೀಟು ಆ ರಾಜ್ಯದವರಿಗೆ. ಗಡಿ ದಾಟಿದರೆ ನಿಮಗೆ ಉಳಿಯುವುದು ಮ್ಯಾನೇಜ್‌ಮೆಂಟ್ ಸೀಟು, ಅಲ್ಲಿನ ಫೀಸು. ಕರ್ನಾಟಕದಲ್ಲಿ ಏಳು ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಇವೆಲ್ಲ ಇಲ್ಲೇ ಬೆಲೆ ಬಾಳುವ ಕಾಗದಗಳು. ಇಲ್ಲಿ ನರ್ಸಿಂಗ್ ಸೀಟು ಸಿಇಟಿ ಮೂಲಕ, ಅಲೈಡ್ ಹೆಲ್ತ್ ಸೀಟುಗಳಿಗೂ ಪರೀಕ್ಷಾ ಪ್ರಾಧಿಕಾರವೇ ಅರ್ಜಿ ಕರೆಯುತ್ತದೆ. ಜಾತಿ ಕಾಲಂನಲ್ಲೂ ಜೋಪಾನ. ನಮ್ಮ ರಾಜ್ಯದ ಪಟ್ಟಿಯಲ್ಲಿ ಕ್ರೈಸ್ತರು 3ಬಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1. ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ತಪ್ಪು ಒತ್ತಿದರೆ, ಸಿಗಬೇಕಾದ ಸೀಟು ಕೈತಪ್ಪುತ್ತೆ.

ಮಾತು ಮುಗಿಸುವ ಹೊತ್ತಿಗೆ ತಂದೆ ಫೋನ್ ತೆಗೆದುಕೊಂಡರು. "ನರ್ಸಿಂಗ್ ಅಂದ್ರೆ ಜನ ಏನಂತಾರೋ ಸಾರ್" ಅಂದರು. ಹಿಂದಿನಿಂದ ಮಗಳು ತಮಿಳಿನಲ್ಲಿ ಏನೋ ಅಂದಳು, ಜೋರಾಗಿಯೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡ್ವಾನ್ಸ್ ಕಟ್ಟಲ್ಲ ಸಾರ್" ಅಂದರು. ಎರಡು ವಾರದ ನಂತರ ಒಂದು ಫೋಟೋ ಬಂತು. ನಾಡಕಚೇರಿಯ ಮುಂದೆ ತೆಗೆದಿದ್ದು. ಹುಡುಗಿಯ ಕೈಯಲ್ಲಿ ಪ್ಲಾಸ್ಟಿಕ್ ಫೈಲ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಬಂದಿದೆ, ಗ್ರಾಮೀಣ ಪ್ರಮಾಣಪತ್ರ ಇನ್ನೂ ಬಂದಿಲ್ಲ ಅಂತ ಕೆಳಗೆ ಬರೆದಿದ್ದಳು. ಯಾವ ಕೋರ್ಸ್ ಅಂತ ನಾನು ಕೇಳಲಿಲ್ಲ.