ಬೀಜದ ಕಾರ್ಖಾನೆಯ ಕೈಗಳು

ಗೇರುಬೀಜದ ಗಟ್ಟಿ ಸಿಪ್ಪೆಯೊಳಗಿನ ಪದರದ ತುಂಬ ಸೊನೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮಕ್ಕೆ ತಾಗಿದರೆ ಉರಿ, ಬೊಕ್ಕೆ. ತಾಗುತ್ತಲೇ ಇದ್ದರೆ ಬೆರಳು ಕಪ್ಪಾಗಿ ಸಿಪ್ಪೆ ಏಳುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಬೀಜದ ಕಾರ್ಖಾನೆಗಳಲ್ಲಿ ದುಡಿಯುವ ಕೈಗಳು ಹೆಚ್ಚಾಗಿ ಹೆಂಗಸರವು.

ಕೈಗವಸು ಕೊಟ್ಟರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಮುಗಿಯುವುದಿಲ್ಲ. ಬೀಜ ಒಡೆಯುವುದು, ಸಿಪ್ಪೆ ಬಿಡಿಸುವುದು ಬಹುಪಾಲು ಕಿಲೋ ಲೆಕ್ಕದ ಕೆಲಸ. ತಿರುಳು ತುಂಡಾದರೆ ಬೆಲೆ ಬಿತ್ತು. ನಿಧಾನ ಮಾಡಿದರೆ ಕೂಲಿ ಬಿತ್ತು. ದಪ್ಪ ಗವಸಿನ ಬೆರಳಿಗೆ ಎರಡೂ ಕಷ್ಟ. ಹಾಗಾಗಿ ಗವಸು ಮೂಲೆ ಸೇರುತ್ತದೆ, ಕೈಗೆ ಎಣ್ಣೆ ಸವರಿಕೊಂಡು ಕೂರುತ್ತಾರೆ. ಇದನ್ನು ಕೆಲಸಗಾರರ ಅಸಡ್ಡೆ ಎನ್ನುವುದು ಅನ್ಯಾಯ. ಕಿಲೋದ ದರ ಸರಿಯಾಗದೆ ಕೈ ಸರಿಯಾಗದು. ಕಾನೂನೂ ಇದಕ್ಕೆ ಒಂದು ನೆಲೆ ಕೊಟ್ಟಿದೆ: ಸರ್ಕಾರ ಕಿಲೋಗೆ ಇಷ್ಟೆಂದು ನಿಗದಿ ಮಾಡದೆ ದಿನದ ಕನಿಷ್ಠ ಕೂಲಿಯನ್ನಷ್ಟೇ ಗೊತ್ತುಮಾಡಿದ್ದರೆ, ಕಿಲೋ ಲೆಕ್ಕದವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ.

ಯಂತ್ರಕ್ಕೆ ಬೆರಳು ಸಿಕ್ಕಿದರೆ ಊರೆಲ್ಲ ಸುದ್ದಿ. ಸೊನೆಯ ಕೈ, ದಿನವಿಡೀ ಒಂದೇ ಭಂಗಿಯಲ್ಲಿ ಕೂತು ಹಿಡಿದ ಸೊಂಟ, ಇವು ಸುದ್ದಿಯಲ್ಲ. ಆದರೆ ರಾಸಾಯನಿಕಗಳಿಂದ ಬರುವ ಚರ್ಮರೋಗ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ, ಪರಿಹಾರ ಕೇಳಬಹುದು. ತೊಡಕಿರುವುದು ಪುರಾವೆಯಲ್ಲಿ. ಒಬ್ಬನೇ ಮಾಲೀಕನ ಕೈಕೆಳಗೆ ಸತತ ಆರು ತಿಂಗಳು ಅಂಥ ಕೆಲಸ ಮಾಡಿದ್ದನ್ನು ತೋರಿಸಬೇಕು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವರು ಏನು ತೋರಿಸಿಯಾರು?

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೇ ನೇಮಕಾತಿ ಪತ್ರದ ಕಡ್ಡಾಯ. ಅದೇ ಸಂಹಿತೆಗಳ ಇನ್ನೊಂದು ಬದಲಾವಣೆ ಮಾತ್ರ ಕಳವಳ ತರುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಅದು ಕಾರ್ಖಾನೆ; ಈಗ 20 ಬೇಕು. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40 ಆಗಿದೆ. ಸಣ್ಣ ಸಣ್ಣ ಘಟಕಗಳಿರುವ ನಮ್ಮ ಕಡೆಗೆ ಇದು ಬರೀ ಅಂಕಿಯ ಮಾತಲ್ಲ.

ಕರಾವಳಿಯ ಹಂಚಿನ ಕಾರ್ಖಾನೆಗಳದ್ದು ಬೇರೆ ಕಥೆ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಆರಂಭಿಸಿದ ಈ ಉದ್ಯಮ ಕುಂದಾಪುರದವರೆಗೂ ಹಬ್ಬಿತು. ಅಲ್ಲಿ ಗೂಡಿನ ಬಿಸಿ, ಮಣ್ಣಿನ ದೂಳು, ಭಾರ ಹೊತ್ತ ಬೆನ್ನು. ತಾರಸಿ ಮನೆಗಳು ಹೆಚ್ಚಿದಂತೆ ಹಲವು ಗೂಡುಗಳು ಆರಿದವು.

ದೂರು ಕೊಡುವವರು ಒಂದು ಗೊತ್ತಿಟ್ಟುಕೊಳ್ಳಬೇಕು. ಕೂಲಿಯ ತಕರಾರಿಗೆ ಕಾರ್ಮಿಕ ಇಲಾಖೆ. ಯಂತ್ರ, ಬಾಯ್ಲರ್, ಸುರಕ್ಷತೆಗೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ. ಒಂದರ ಅರ್ಜಿ ಇನ್ನೊಂದರ ಮೇಜಿಗೆ ಹೋದರೆ ವಾರಗಳು ಸರಿಯುತ್ತವೆ. ಗಾಯವಾದರೆ ಅದೇ ದಿನ ಅಪಘಾತದ ಪುಸ್ತಕದಲ್ಲಿ ಬರೆಸಿ. ಇಎಸ್‌ಐ ಇರುವವರು ಆಸ್ಪತ್ರೆಯಲ್ಲಿ "ಮನೆಯಲ್ಲಿ ಬಿದ್ದೆ" ಎನ್ನದೆ ಕೆಲಸದ ಜಾಗದಲ್ಲಿ ಆದದ್ದೆಂದು ಹೇಳಿ.