ಹಂಚಿಕೊಂಡ ಗಾಡಿ, ಸ್ವಂತ ವಾಕಿಟಾಕಿ: ತಪ್ಪು ಕಲ್ಪನೆ ಮತ್ತು ವಾಸ್ತವ

ನಮ್ಮ ಮಾಕವಳ್ಳಿಯ ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿದರೆ ಹೇಮಗಿರಿ, ಬಂಡಿಹೊಳೆ ಕಡೆ ಗಾಡಿಗೆ ಬರ. ಆಗ ಒಬ್ಬರ ಟ್ರಾಕ್ಟರು ನಾಲ್ವರ ಕೆಲಸಕ್ಕೆ ಓಡುತ್ತದೆ. ಡೀಸೆಲ್ ಒಬ್ಬರದು, ಟ್ರೈಲರ್ ಇನ್ನೊಬ್ಬರದು, ಕಡಿಯುವ ಗ್ಯಾಂಗು ಎಲ್ಲರದೂ. ಹೇಮಗಿರಿಯ ದನಗಳ ಜಾತ್ರೆ ಬಂದರೆ ಶಾಮಿಯಾನದವರು, ಸೌಂಡ್ ಸಿಸ್ಟಮ್‌ನವರು, ತರಕಾರಿಯವರು ಒಂದೇ ಗೂಡ್ಸ್ ಗಾಡಿಯಲ್ಲಿ ಬಂದಿಳಿಯುತ್ತಾರೆ. ಈಚೆಗೆ ಸೊಂಟದಲ್ಲಿ ವಾಕಿಟಾಕಿ ಸಿಕ್ಕಿಸಿಕೊಂಡ ಹುಡುಗರೂ ಕಾಣುತ್ತಾರೆ. ಹಂಚಿಕೊಂಡು ದುಡಿಯುವುದು ಒಳ್ಳೆಯದೇ. ಆದರೆ ಗಾಡಿಯ ಬಗ್ಗೆಯೂ ವಾಕಿಟಾಕಿ ಸೆಟ್ಟಿನ ಬಗ್ಗೆಯೂ ನಾವು ನಂಬಿಕೊಂಡು ಬಂದ ಕೆಲವು ಮಾತುಗಳು ಬಡವರ ಮನೆ ಮುರಿಯುವಂಥವು. ಅವನ್ನು ತಿದ್ದಿಕೊಳ್ಳದೆ ವಿಧಿಯಿಲ್ಲ.

ಗಾಡಿಗೆ ಇನ್ಶೂರೆನ್ಸ್ ಇದ್ದರೆ ಅದರಲ್ಲಿ ಕೂತವರಿಗೆಲ್ಲ ಇನ್ಶೂರೆನ್ಸ್ ಇದ್ದಂತೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ.

ವಾಸ್ತವ: ಹಾಗೆ ಇಲ್ಲವೇ ಇಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡು ಹೋದವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕನಿಗೆ, ಅಥವಾ ಅವನು ಅಧಿಕಾರ ಕೊಟ್ಟು ಕಳಿಸಿದವನಿಗೆ ರಕ್ಷಣೆ ಸಿಕ್ಕಿತು. ಗಾಡಿ ಮಾಲೀಕನೇ ಸಂಬಳ ಕೊಟ್ಟು ಇಟ್ಟುಕೊಂಡ ಡ್ರೈವರ್, ಲೋಡಿಂಗ್ ಆಳುಗಳಿಗೆ ಕಾರ್ಮಿಕರ ಪರಿಹಾರ ಕಾನೂನಿನ ಮಟ್ಟಿಗೆ ಉಂಟು. ಇಷ್ಟೇ. ಪಕ್ಕದ ಹೊಲದ ಕೆಲಸ ಮುಗಿಸಿ ದಾರಿಯಲ್ಲಿ ಹತ್ತಿಕೊಂಡ ಹೆಂಗಸರು ಈ ಲೆಕ್ಕದಲ್ಲಿ ಬರುವುದಿಲ್ಲ.

ಸರಕಿನ ಮಾಲೀಕರಾದರೂ ಲೋಡಿನ ಮೇಲೆ ಕೂರಬಹುದೆಂದಲ್ಲ. ಅವರು ಕ್ಯಾಬಿನ್ನಿನಲ್ಲಿರಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೊಂದು ಪ್ರಕರಣದಲ್ಲಿ ಹೇಳಿದೆ. ಟ್ರಾಕ್ಟರಿನ ಆರ್‌ಸಿ ತೆಗೆದು ನೋಡಿ: ಆಸನ ಸಂಖ್ಯೆ ಒಂದು ಎಂದಿರುತ್ತದೆ. ಆ ಒಂದು ಡ್ರೈವರಿನದು. ಮಡ್‌ಗಾರ್ಡಿನ ಮೇಲೆ ಕೂತವರು, ಟ್ರೈಲರಿನ ಕೊಂಡಿಯ ಹತ್ತಿರ ಜೋತುಕೊಂಡವರು ಕಾಗದದಲ್ಲಿ ಇಲ್ಲವೇ ಇಲ್ಲ. ಟ್ರೈಲರಿಗೆ ಬೇರೆಯೇ ನೋಂದಣಿ, ಬೇರೆಯೇ ಪ್ರೀಮಿಯಂ ಇರಬೇಕು. ಎಂಜಿನ್ನಿಗೆ ಕಟ್ಟಿ ಟ್ರೈಲರನ್ನು ಮರೆತವರು ನಮ್ಮಲ್ಲಿ ಕಡಿಮೆಯಿಲ್ಲ.

2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರದ ಹತ್ತಿರ ಏನಾಯಿತು ನೆನಪಿಸಿಕೊಳ್ಳಿ. ಸವಣೂರಿನ ಹಣ್ಣು, ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆ ಒಂದೇ ಲಾರಿಯಲ್ಲಿ ಹೊರಟಿದ್ದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಲಾರಿ ಕಂದಕಕ್ಕೆ ಉರುಳಿತು, 10 ಜನ ಸತ್ತರು. ಬಾಡಿಗೆ ಹಂಚಿಕೊಂಡು ಎರಡು ಕಾಸು ಉಳಿಸಲು ಹೊರಟ ದುಡಿಯುವ ಜನ ಅವರು, ನಮ್ಮ ಸಂತೆಯ ಜನರಂಥವರೇ. ಸರಕಿಗೆ ಒಂದು ಗಾಡಿ, ಜನಕ್ಕೆ ಬಸ್ಸೋ ಮ್ಯಾಕ್ಸಿಕ್ಯಾಬೋ ಎಂದು ಬೇರೆ ಮಾಡಿಕೊಂಡರೆ ಖರ್ಚು ತುಸು ಏರುತ್ತದೆ, ನಿಜ. ಆ ಖರ್ಚನ್ನು ಕೂಲಿಯವರ ಮೇಲೆ ಹಾಕದೆ ಕೆಲಸ ಹಿಡಿದವರೇ ಭರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂವರು ಸೇರಿ ದುಡ್ಡು ಹಾಕಿ ಕೊಂಡ ಗಾಡಿಗೆ ಮೂವರೂ ಹೊಣೆ ಎಂದು ಮಾತಾಡಿಕೊಂಡರೆ ಸಾಕು ಎನ್ನುತ್ತೇವೆ.

ವಾಸ್ತವ: ಕೋರ್ಟು ಮೊದಲು ನೋಡುವುದು ಆರ್‌ಸಿಯಲ್ಲಿರುವ ಹೆಸರನ್ನು. ಗಾಡಿ ನಾಲ್ಕು ಕೈ ಬದಲಾದರೂ ನೋಂದಾಯಿತ ಮಾಲೀಕನೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೆಲವು ಪ್ರಕರಣಗಳಲ್ಲಿ ಕಂಪನಿಯೇ ಮೊದಲು ಹಣ ಕಟ್ಟಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶವೂ ಆಗುತ್ತದೆ. ಅಂದರೆ ಕೊನೆಗೆ ಹೋಗುವುದು ಆ ಒಬ್ಬನ ಗದ್ದೆ. ಉಳಿದಿಬ್ಬರಿಂದ ಅವನು ಪಾಲು ಕೇಳಬೇಕಾದರೆ ಬರಹದಲ್ಲಿ ಏನಾದರೂ ಇರಬೇಕು. ಅರಳಿಕಟ್ಟೆಯ ಮಾತು ನ್ಯಾಯಮಂಡಳಿಯ ತನಕ ಬರುವುದಿಲ್ಲ.

ಕಾರಿನ ಡಿಎಲ್ ಇದ್ದವನು ಪಿಕಪ್ ಓಡಿಸಿದರೆ ಕ್ಲೇಮು ಬಿದ್ದುಹೋಗುತ್ತದೆ ಎಂಬ ಹೆದರಿಕೆ ಇನ್ನೂ ಇದೆ.

ವಾಸ್ತವ: ಇದು ಹಳೆಯ ಮಾತು. ಒಟ್ಟು ತೂಕ 7,500 ಕಿಲೋ ಮೀರದ ಸರಕು ಗಾಡಿಗೆ ಲಘು ವಾಹನದ ಡಿಎಲ್ ಸಾಕು ಎಂದು 2017ರಲ್ಲಿ ಬಂದ ತೀರ್ಪನ್ನು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಎತ್ತಿಹಿಡಿದಿದೆ. ದೊಡ್ಡ ಲಾರಿಗೆ ಈ ಮಾತು ಅನ್ವಯಿಸದು.

ಇನ್ನು ವಾಕಿಟಾಕಿಗೆ ಬರೋಣ. ಆನ್‌ಲೈನಿನಲ್ಲಿ ರಾಜಾರೋಷವಾಗಿ ಮಾರುತ್ತಾರೆ, ಬಿಲ್ ಕೊಡುತ್ತಾರೆ. ಆದ್ದರಿಂದ ಇಟ್ಟುಕೊಳ್ಳುವುದು ಕಾನೂನುಬದ್ಧ ಎಂಬುದು ಹುಡುಗರ ವಾದ.

ವಾಸ್ತವ: ಬಿಲ್ಲು ಪರವಾನಗಿಯಲ್ಲ. ಪರವಾನಗಿಯಿಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು 1933ರಷ್ಟು ಹಳೆಯದು. ಬಳಸದೆ ಸುಮ್ಮನೆ ಇಟ್ಟುಕೊಂಡರೂ ಅದು ಅನ್ವಯಿಸುತ್ತದೆ ಎಂಬುದನ್ನು ಗಮನಿಸಿ. ಇದಕ್ಕೆ ವಿನಾಯಿತಿಗಳಿವೆ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್ಟುಗಳಿಗೆ 2018ರ ನಿಯಮಗಳ ಪ್ರಕಾರ ಪರವಾನಗಿ ಬೇಡ. 27 ಮೆಗಾಹರ್ಟ್ಸ್ ಸುತ್ತಲಿನ ಸಿಟಿಜನ್ ಬ್ಯಾಂಡಿಗೂ 5 ವ್ಯಾಟ್ ಮಿತಿಯಲ್ಲಿ ವಿನಾಯಿತಿ ಇದೆ. ಅಮೆರಿಕದ ಲಾರಿ ಡ್ರೈವರುಗಳು ಪರಸ್ಪರ ಮಾತಾಡಿಕೊಳ್ಳುತ್ತಿದ್ದುದು ಈ ಬಗೆಯ ಸೆಟ್ಟಿನಲ್ಲೇ. ವಿನಾಯಿತಿ ಇದ್ದರೂ ಆ ಮಾದರಿಗೆ ಕೇಂದ್ರದ ನಿಸ್ತಂತು ವಿಭಾಗವಾದ ಡಬ್ಲ್ಯುಪಿಸಿಯ ಅನುಮೋದನೆ, ಅಂದರೆ ಇಟಿಎ, ಇರಲೇಬೇಕು.

ತೊಂದರೆ ಇರುವುದು 136ರಿಂದ 174, 400ರಿಂದ 480 ಮೆಗಾಹರ್ಟ್ಸ್ ತನಕ ಎಲ್ಲಿ ಬೇಕಾದರೂ ತಿರುಗಿಸಿಕೊಳ್ಳಬಹುದಾದ ಅಗ್ಗದ ಸೆಟ್ಟುಗಳಲ್ಲಿ. ನಂಬರ್ ಒತ್ತುತ್ತಾ ಹೋದರೆ ಗೊತ್ತಿಲ್ಲದೆಯೇ ಸರ್ಕಾರಿ ಇಲಾಖೆಯ ಚಾನೆಲ್ಲಿನ ಮೇಲೆ ಮಾತಾಡಿಬಿಡಬಹುದು. ಅದೇ ಗಳಿಗೆಯಲ್ಲಿ ಅಲ್ಲಿ ಒಂದು ತುರ್ತು ಸಂದೇಶ ಹೋಗುತ್ತಿದ್ದರೆ ಎರಡೂ ಕಲಸಿಹೋಗುತ್ತವೆ. ಪರವಾನಗಿ, ತರಂಗಾಂತರದ ವಿವರ ಹೇಳದೆ ಇಂಥ ಸೆಟ್ಟು ಮಾರುತ್ತಿದ್ದ ಆನ್‌ಲೈನ್ ಮಾರಾಟ ತಾಣಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸ್ ಕೊಟ್ಟಿತು, ಮಾರ್ಗಸೂಚಿಯನ್ನೂ ಹೊರಡಿಸಿತು. ಕೊಳ್ಳುವ ಮೊದಲು ತರಂಗಾಂತರ ಯಾವುದು, ಇಟಿಎ ಸಂಖ್ಯೆ ಏನು ಎಂದು ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಡಬ್ಬದ ಮೇಲೆ ಬರೆದಷ್ಟು ಕಿಲೋಮೀಟರ್ ದೂರಕ್ಕೆ ಸೆಟ್ಟು ಕೇಳಿಸಿಯೇ ತೀರುತ್ತದೆ ಎಂದೂ ನಂಬುತ್ತೇವೆ.

ವಾಸ್ತವ: ಡಬ್ಬದ ಲೆಕ್ಕ ಅಡ್ಡಿಯೇ ಇಲ್ಲದ ಬಯಲಿನದು. ಈ ತರಂಗ ಹೆಚ್ಚುಕಡಿಮೆ ನೇರ ದಾರಿಯಲ್ಲಿ ಹೋಗುತ್ತದೆ. ಆಳೆತ್ತರ ಮೀರಿ ಬೆಳೆದ ಕಬ್ಬಿನ ಗದ್ದೆಯೊಳಗೆ ನಿಂತು ಮಾತಾಡಿದರೆ ನೀರು ತುಂಬಿದ ಗರಿಗಳು ಅದನ್ನು ಹೀರುತ್ತವೆ, ಹೇಮಗಿರಿಯ ಬೆಟ್ಟ ಅಡ್ಡ ಬಂದರೆ ಮುಗಿದೇ ಹೋಯಿತು. ಅಲ್ಲಿ ಒಂದೆರಡು ಕಿಲೋಮೀಟರ್ ಸಿಕ್ಕರೆ ಹೆಚ್ಚು. ಅದೇ ಸೆಟ್ಟು ಹಿಡಿದು ಕಾಲುವೆ ಏರಿಯ ಮೇಲೆ ಹತ್ತಿ ನಿಂತರೆ ದನಿ ತಿಳಿಯಾಗುತ್ತದೆ. ಶಕ್ತಿ ಹೆಚ್ಚಿಸಿಕೊಳ್ಳಲು ಅಕ್ರಮ ಸೆಟ್ಟು ತರುವುದಕ್ಕಿಂತ ನಾಲ್ಕು ಹೆಜ್ಜೆ ಮೇಲೆ ಹತ್ತುವುದು ಲೇಸು.

ಹ್ಯಾಮ್ ಲೈಸೆನ್ಸ್ ಮಾಡಿಸಿಕೊಂಡರೆ ಸ್ವಂತ ಸೆಟ್ಟನ್ನು ಲಾರಿ ವ್ಯವಹಾರಕ್ಕೂ ಬಳಸಬಹುದು ಎಂದು ಹೇಳುವವರಿದ್ದಾರೆ.

ವಾಸ್ತವ: ಹ್ಯಾಮ್ ರೇಡಿಯೊ ಹವ್ಯಾಸಕ್ಕೆ, ಕಲಿಕೆಗೆ, ಆಪತ್ತಿನ ಸೇವೆಗೆ ಮೀಸಲು. ಲೋಡು ಎಲ್ಲಿದೆ, ಬಾಡಿಗೆ ಎಷ್ಟು ಎಂಬ ವ್ಯಾಪಾರದ ಮಾತು ಅದರಲ್ಲಿ ನಿಷಿದ್ಧ. ಪರೀಕ್ಷೆ ಪಾಸು ಮಾಡಿದವನ ಹೆಸರಿಗೆ ಮಾತ್ರ ಲೈಸೆನ್ಸು. ಕ್ಲೀನರ್ ಹುಡುಗನ ಕೈಗೆ ಸೆಟ್ಟು ಕೊಟ್ಟು ಕಳಿಸುವಂತಿಲ್ಲ. ಆದರೆ ಹ್ಯಾಮ್ ರೇಡಿಯೊದ ಮಹತ್ವ ದೊಡ್ಡದು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ತನ್ನ ಉಪಕರಣಗಳೊಂದಿಗೆ ಪೋರ್ಟ್ ಬ್ಲೇರಿನಲ್ಲಿತ್ತು. ಟೆಲಿಫೋನು ಸತ್ತಾಗ ಅಂಡಮಾನಿನ ಸುದ್ದಿ ಹೊರಗೆ ಮುಟ್ಟಿಸಿದವರಲ್ಲಿ ಅವರೂ ಇದ್ದರು. ನಮ್ಮ ತಾಲ್ಲೂಕುಗಳ ಹುಡುಗರು ಇದನ್ನು ಕಲಿಯಲಿ ಎಂಬ ಆಸೆ ನನಗಿದೆ. ವ್ಯವಹಾರಕ್ಕೆ ಬೇಕಾದವರು ಅದಕ್ಕೆಂದೇ ಇರುವ ಬೇರೆ ಪರವಾನಗಿ ಪಡೆಯಬೇಕು.

ಬರೀ ಕೇಳುವ ರೇಡಿಯೊಗೂ ಲೈಸೆನ್ಸ್ ಬೇಕು ಎಂದು ಹಿರಿಯರು ಹೇಳುತ್ತಾರೆ.

ವಾಸ್ತವ: ಹಿಂದೆ ಬೇಕಿತ್ತು, ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟುತ್ತಿದ್ದರು. 1980ರ ದಶಕದಲ್ಲಿ ಅದು ರದ್ದಾಯಿತು. ಕ್ಯಾಬಿನ್ನಿನಲ್ಲಿ ಆಕಾಶವಾಣಿ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಕಲ್ಲು ಸಿಡಿಸುವ ಜಾಗದಲ್ಲಿ ವಾಕಿಟಾಕಿ ಆಫ್ ಮಾಡಿ ಎನ್ನುವುದು ಸುಮ್ಮನೆ ಹೆದರಿಸುವ ಮಾತು ಎಂಬ ಉಡಾಫೆ ಪಾಂಡವಪುರ ಕಡೆಯ ಕ್ವಾರಿ ಲಾರಿಗಳವರಲ್ಲಿ ಕೇಳಿಬರುತ್ತದೆ.

ವಾಸ್ತವ: ಆ ಹೆದರಿಕೆಗೆ ಕಾರಣವಿದೆ. ವಿದ್ಯುತ್ ಡಿಟೋನೇಟರಿನ ತಂತಿಗಳು ಆಂಟೆನಾದಂತೆ ವರ್ತಿಸಬಲ್ಲವು. ಹತ್ತಿರದಲ್ಲೇ ಸೆಟ್ಟಿನ ಗುಂಡಿ ಒತ್ತಿದರೆ ತಂತಿಯಲ್ಲಿ ಹುಟ್ಟುವ ಕರೆಂಟು ಡಿಟೋನೇಟರನ್ನು ಅಕಾಲದಲ್ಲಿ ಸಿಡಿಸುವ ಅಪಾಯವಿದೆ. ಸೆಟ್ಟನ್ನು ಸ್ಫೋಟದ ಜಾಗದಿಂದ ದೂರದಲ್ಲೇ ಆಫ್ ಮಾಡಬೇಕು.

ಆಂಟೆನಾ ಇರುವ ಗಾಡಿಗೆ ಸಿಡಿಲು ಹೊಡೆಯುತ್ತದೆ, ಮಳೆ ಬಂದರೆ ಇಳಿದು ಮರದಡಿ ನಿಲ್ಲಬೇಕು ಎಂಬ ಮಾತೂ ಇದೆ.

ವಾಸ್ತವ: ಸಿಡಿಲಿಗೆ ಕೈಸೆಟ್ಟಿನ ತರಂಗ ಲೆಕ್ಕಕ್ಕಿಲ್ಲ, ಸುತ್ತಲಿಗಿಂತ ಎತ್ತರವಾದ ವಸ್ತುವಿಗೆ ಅದು ಹೊಡೆಯುವ ಸಂಭವ ಹೆಚ್ಚು. ಮರದಡಿ ನಿಲ್ಲುವುದೇ ಅಪಾಯ. ಮುಚ್ಚಿದ ಲೋಹದ ಕ್ಯಾಬಿನ್ ಇರುವ ಲಾರಿಯಲ್ಲಿ ಗಾಜು ಏರಿಸಿ, ಲೋಹ ಮುಟ್ಟದೆ ಕೂತರೆ ಸಿಡಿಲು ಹೊರಮೈ ಹಿಡಿದು ನೆಲಕ್ಕಿಳಿಯುತ್ತದೆ. ತೆರೆದ ಟ್ರಾಕ್ಟರಿಗೂ ಟ್ರೈಲರಿಗೂ ಈ ರಕ್ಷಣೆ ಇಲ್ಲ. ಗುಡುಗು ಕೇಳಿದ ಕೂಡಲೇ ಅಲ್ಲಿಂದ ಇಳಿದು ಹತ್ತಿರದ ಪಕ್ಕಾ ಕಟ್ಟಡ ಸೇರಿಕೊಳ್ಳಬೇಕು.