ಸೀಸವಿಲ್ಲದ ಗುಂಡು

ಬೇಟೆಯ ಗುಂಡನ್ನು ಯಾವ ಲೋಹದಿಂದ ಮಾಡಬೇಕೆಂಬುದು ಬೇಟೆಗಾರನೊಬ್ಬನಿಗೇ ಸಂಬಂಧಪಟ್ಟ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರುವುದು. ಆದರೆ ಮೃಗವು ಬಿದ್ದೊಡನೆ ಗುಂಡಿನ ಕೆಲಸವು ಮುಗಿಯುವುದಿಲ್ಲ. ಆ ಮಾಂಸವನ್ನು ಉಣ್ಣುವ ಮನೆಯವರು, ಕಾಡಿನಲ್ಲಿ ಬಿಟ್ಟ ಕರುಳನ್ನು ತಿನ್ನುವ ಹದ್ದುಗಳು, ಕೆರೆಯ ಕೆಸರಿನಲ್ಲಿ ಬಿದ್ದ ಚರೆಯನ್ನು ನುಂಗುವ ನೀರುಹಕ್ಕಿಗಳು, ಇವರೆಲ್ಲರ ಒಡಲನ್ನೂ ಆ ಲೋಹವು ಸೇರುವುದು. ಆದಕಾರಣ ಕೋವಿಯನ್ನು ಎಂದೂ ಕೈಯಲ್ಲಿ ಹಿಡಿಯದವರೂ ಈ ವಿಚಾರವನ್ನು ತಿಳಿದಿರುವುದು ಒಳ್ಳೆಯದು.

ಸೀಸವು ಶತಮಾನಗಳಿಂದ ಗುಂಡಿನ ಲೋಹವಾಗಿ ನಿಂತುದಕ್ಕೆ ತಕ್ಕ ಕಾರಣಗಳುಂಟು. ಅದು ನೀರಿಗಿಂತ 11 ಮಡಿಗೂ ಮಿಗಿಲಾದ ತೂಕದ್ದು, 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ ಮನೆಯ ಒಲೆಯ ಮೇಲೆಯೇ ಕರಗಿಸಿ ಅಚ್ಚಿಗೆ ಹೊಯ್ಯಬಹುದು, ಬೆಲೆಯೂ ಅಗ್ಗ. ಮೃದುವಾದುದರಿಂದ ಮೃಗದ ಮೈಯನ್ನು ಹೊಕ್ಕೊಡನೆ ಅಗಲವಾಗಿ ಹರಡಿ ಬೇಗನೆ ಕೊಲ್ಲುವುದು. ಆದರೆ ಈ ಗುಣವೇ ಅದರ ದೋಷವೂ ಆಗಿದೆ. ರೈಫಲಿನ ವೇಗದಲ್ಲಿ ಎಲುಬಿಗೆ ತಾಕಿದ ಸೀಸವು ಹರಡುವುದಷ್ಟೇ ಅಲ್ಲ, ಒಡೆದು ಪುಡಿಯಾಗುವುದು. ಹೀಗೆ ಹೊಡೆದ ಜಿಂಕೆಗಳ ಕ್ಷ-ಕಿರಣದ ಚಿತ್ರಗಳನ್ನು ತೆಗೆದು ನೋಡಿದವರು ಒಂದೊಂದು ದೇಹದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಸೀಸದ ಕಣಗಳನ್ನು ಕಂಡಿರುವರು. ಗಾಯದಿಂದ ಒಂದು ಗೇಣಿನಾಚೆಗೂ ಅವು ಚದರಿರುವುದುಂಟು. ಕಣ್ಣಿಗೆ ಕಾಣದ, ಹಲ್ಲಿಗೆ ಸಿಕ್ಕದ ಈ ಕಣಗಳನ್ನು ಅಡಿಗೆಯವರು ಎಷ್ಟು ಎಚ್ಚರದಿಂದ ಆರಿಸಿದರೂ ತೆಗೆದುಹಾಕಲಾಗದು.

ಸೀಸದಿಂದ ಒಡಲಿಗೆ ಯಾವ ಉಪಯೋಗವೂ ಇಲ್ಲ. ಅದು ವಿಷವೇ ಸರಿ. ವಿಶೇಷವಾಗಿ ಎಳೆಯ ಮಕ್ಕಳ ಮಿದುಳಿಗೂ ಗರ್ಭದಲ್ಲಿರುವ ಶಿಶುವಿಗೂ ಅದು ಕೇಡು. ಇಷ್ಟರವರೆಗೆ ಭಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಸಾರಿರುವರು.

ಹಕ್ಕಿಗಳ ಪಾಡಂತೂ ಇನ್ನೂ ಕಷ್ಟದ್ದು. ಹದ್ದುಗಳ ಜಠರದ ಹುಳಿಯು ಬಹಳ ತೀಕ್ಷ್ಣವಾದುದರಿಂದ ಸೀಸವು ಬೇಗನೆ ಕರಗಿ ರಕ್ತವನ್ನು ಸೇರುವುದು. ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಬೇಟೆಗಾರರು ಬಿಟ್ಟುಹೋದ ಜಿಂಕೆಯ ಅವಶೇಷಗಳನ್ನು ತಿಂದು 1990ರ ದಶಕದಲ್ಲಿ ಕಡಲಹದ್ದುಗಳು ಸತ್ತವು. ಅಲ್ಲಿ 2000ದಲ್ಲಿ ಜಿಂಕೆಯ ಬೇಟೆಗೆ ಸೀಸದ ರೈಫಲ್ ಗುಂಡನ್ನು ನಿಷೇಧಿಸಿದರು. ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ಕಾಂಡೊರ್ ಎಂಬ ದೊಡ್ಡ ರಣಹದ್ದಿನ ಸಂತತಿಯು 1987ರಲ್ಲಿ 27ಕ್ಕೆ ಇಳಿದಿತ್ತು. ಸಾಕಿ ಬೆಳೆಸಿ ಕಾಡಿಗೆ ಬಿಟ್ಟ ಮೇಲೆಯೂ ಅವುಗಳನ್ನು ಹೆಚ್ಚಾಗಿ ಕೊಂದುದು ಸೀಸವೇ. ಅಲ್ಲಿ 2019ರಿಂದ ಎಲ್ಲ ಬೇಟೆಗೂ ಸೀಸದ ಗುಂಡು ವರ್ಜ್ಯವಾಗಿದೆ. ಡೆನ್ಮಾರ್ಕಿನವರು ಸೀಸದ ಚರೆಯನ್ನು 1996ರಲ್ಲಿಯೂ ರೈಫಲಿನ ಸೀಸದ ಗುಂಡನ್ನು 2024ರಲ್ಲಿಯೂ ನಿಲ್ಲಿಸಿದರು.

ಸೀಸವನ್ನು ಬಿಟ್ಟರೆ ಯಾವುದನ್ನು ಆರಿಸಬೇಕು? ಜಿಂಕೆಯ ಬೇಟೆಯು ನ್ಯಾಯಸಮ್ಮತವಾಗಿರುವ ದೇಶಗಳಲ್ಲಿ ಇಡಿಯ ತಾಮ್ರದ, ಇಲ್ಲವೆ ತಾಮ್ರ ಮಿಶ್ರಲೋಹದ ಗುಂಡುಗಳು ಬಳಕೆಗೆ ಬಂದಿವೆ. ಇವುಗಳ ತುದಿಯಲ್ಲಿ ಒಂದು ಕುಳಿಯಿದ್ದು, ಮೈಯನ್ನು ಹೊಕ್ಕಾಗ ಅದು ಹೂವಿನ ದಳಗಳಂತೆ ಅರಳುವುದು. ಗುಂಡು ತನ್ನ ತೂಕವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುವುದು. ಆದರೆ ಆರಿಸುವಾಗ ಕೆಲವು ಸಂಗತಿಗಳನ್ನು ಗಮನಿಸಬೇಕು. ತಾಮ್ರವು ಸೀಸಕ್ಕಿಂತ ಹಗುರವಾದುದರಿಂದ ಅದೇ ತೂಕದ ಗುಂಡು ಹೆಚ್ಚು ಉದ್ದವಾಗುವುದು; ಉದ್ದವಾದ ಗುಂಡು ನೆಟ್ಟಗೆ ಹೋಗಬೇಕಾದರೆ ಕೊಳವೆಯೊಳಗಿನ ಸುರುಳಿಗೆರೆಯು ಹೆಚ್ಚು ತಿರುವುಳ್ಳದ್ದಾಗಿರಬೇಕು. ಆದಕಾರಣ 180 ಗ್ರೇನಿನ ಸೀಸದ ಗುಂಡಿಗೆ ಬದಲಾಗಿ 150 ಅಥವಾ 165 ಗ್ರೇನಿನ ತಾಮ್ರದ ಗುಂಡನ್ನು ಆರಿಸುವುದು ವಾಡಿಕೆ. ಎರಡನೆಯದಾಗಿ, ಗಟ್ಟಿಯಾದ ತಾಮ್ರವು ಅರಳಲು ವೇಗವು ಬೇಕು. ತಾಕುವ ಹೊತ್ತಿಗೆ ಸೆಕೆಂಡಿಗೆ ಸುಮಾರು 2,000 ಅಡಿಯ ವೇಗವು ಉಳಿದಿದ್ದರೆ ಒಳ್ಳೆಯದು. ವೇಗವು ಕುಂದುವಷ್ಟು ದೂರದಿಂದ ಹೊಡೆದರೆ ಗುಂಡು ಅರಳದೆ ತೂರಿಹೋಗಿ, ಪ್ರಾಣಿಯು ಗಾಯದಿಂದ ನರಳುವುದು. ಮೂರನೆಯದಾಗಿ, ಹೊಸ ತೋಟೆಯು ಹಳೆಯದು ಬಿದ್ದಲ್ಲಿಯೇ ಬೀಳುವುದಿಲ್ಲ. ಮೊದಲು ಕೊಳವೆಯನ್ನು ಶುಚಿಮಾಡಿ, ಹಲಗೆಗೆ ಹೊಡೆದು ಗುರಿಯನ್ನು ಸರಿಪಡಿಸಿಕೊಳ್ಳಬೇಕು. ಬೆಲೆಯು ಹೆಚ್ಚೆಂಬ ಆಕ್ಷೇಪವುಂಟು. ಆದರೆ ಒಂದು ಜಿಂಕೆಗೆ ಒಂದೆರಡು ತೋಟೆಗಳು ಸಾಕಾಗುವಾಗ ಆ ಹೆಚ್ಚಳವು ದೊಡ್ಡದಲ್ಲ.

ಇನ್ನು ನಮ್ಮ ನಾಡಿನ ಮಾತು. ಮೈಸೂರಿನ ಅರಸರು ಬೇಟೆಯಾಡುತ್ತಿದ್ದ ಬಂಡೀಪುರವು 1973ರಲ್ಲಿ ಹುಲಿಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಈಗ ವಿನೋದದ ಬೇಟೆಯೆಲ್ಲ ನಿಷಿದ್ಧವಾಗಿದೆ. ಗದಗ ಸೀಮೆಯ ಎರೆಹೊಲಗಳಿಗೆ ಬರುವ ಚಿಗರಿಯು, ಎಂದರೆ ಕೃಷ್ಣಮೃಗವು, ಆ ಕಾನೂನಿನ ಮೊದಲನೆಯ ಪಟ್ಟಿಯಲ್ಲಿದೆ. ಅಸುಂಡಿಯ ಒಕ್ಕಲಿಗನು ಮೊಳಕೆಯೊಡೆದ ಪೈರನ್ನು ಚಿಗರಿಯ ಹಿಂಡು ಮೇಯುವುದನ್ನು ಕಂಡು ನೊಂದುಕೊಂಡರೆ ಅದು ಸಹಜವೇ. ಅವನ ನಷ್ಟವು ನಿಜವಾದುದು. ಅದನ್ನು ಅರಣ್ಯ ಇಲಾಖೆಯ ಮುಂದಿಡುವುದು ಅವನ ಹಕ್ಕು. ಆದರೆ ನಾಡಕೋವಿಯ ಈಡು ಅದಕ್ಕೆ ಉತ್ತರವಲ್ಲ. ಅದು ಅಪರಾಧವೂ ಹೌದು, ತಾನು ಉಣ್ಣುವ ಅನ್ನಕ್ಕೆ ತಾನೇ ವಿಷವನ್ನು ಬೆರಸಿದಂತೆಯೂ ಹೌದು. ಒಲೆಯ ಮೇಲೆ ಸೀಸವನ್ನು ಕರಗಿಸುವ ಮನೆಯಲ್ಲಿ ಅದರ ಹೊಗೆಯೂ ಧೂಳೂ ಮೊದಲು ಸೇರುವುದು ಮಕ್ಕಳ ಒಡಲನ್ನೇ.

ಸತ್ತ ಪ್ರಾಣಿಯಲ್ಲಿ ಉಳಿದ ವಿಷವು ಏನು ಮಾಡಬಲ್ಲುದೆಂಬುದಕ್ಕೆ ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯು ಅವುಗಳ ಹೆಣದಲ್ಲಿ ಉಳಿದು, ನಮ್ಮ ರಣಹದ್ದುಗಳ ಮುಖ್ಯ ಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚನ್ನು ಕೊಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ಊರಹೊರಗಿನ ಆಕಾಶವು ಬರಿದಾಗಿತ್ತು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಬರುವುವು. 2024ರಲ್ಲಿ ಆ ಕೆರೆಯು ರಾಮ್‌ಸಾರ್ ಪಟ್ಟಿಗೆ ಸೇರಿತು. ಇಂಥ ಹಕ್ಕಿಗಳು ಕಾಳನ್ನು ಅರೆಯಲೆಂದು ಸಣ್ಣ ಹರಳುಗಳನ್ನು ನುಂಗುವುವು. ಸೀಸದ ಚರೆಗೂ ಹರಳಿಗೂ ಭೇದವು ಅವುಗಳಿಗೆ ತಿಳಿಯದು.

ಬೇಟೆಗೆ ಅಪ್ಪಣೆಯಿರುವ ನಾಡಿನಲ್ಲಿ ನೆಲೆಸಿದ ನಮ್ಮವರು ತಾಮ್ರವನ್ನು ಆರಿಸಲಿ. ಇಲ್ಲಿರುವ ನಮಗೆ ಆ ಆಯ್ಕೆಯ ಅಗತ್ಯವೇ ಇಲ್ಲ. ಚಿಗರಿಯನ್ನು ಅದರ ಪಾಡಿಗೆ ಬಿಟ್ಟು, ಸೀಸವನ್ನು ಒಲೆಯಿಂದಲೂ ಕೆರೆಯಿಂದಲೂ ದೂರವಿಟ್ಟರೆ ಸಾಕು.